ಹನ್ನೆರಡು ತುಂಬುವ ತನಕ

ಪಟ್ಟಿ ಬರೆಯುವವನು ಮೌನೇಶ, ಹುಡುಕಿ ತರುವವಳು ಅವನ ಹೆಂಡತಿ ಪ್ರಿಯಾಂಕಾ. ಬೆಟಗೇರಿಯ ಆ ಮನೆಯಲ್ಲಿ ಎರಡು ವರ್ಷದಿಂದ ನಡೆದು ಬಂದ ಪದ್ಧತಿ ಇದು. ಹಿಟ್ಟಿನ ಡಬ್ಬಿಯ ಮೇಲಿನ ಗೋಡೆಗೆ, ರೊಟ್ಟಿ ಬಡಿಯುವವರ ಕಣ್ಣಿಗೆ ಬೀಳುವ ಹಾಗೆ, ಮೌನೇಶ ಕಾಗದ ಅಂಟಿಸುತ್ತಿದ್ದ. ಹೋಳಿಯ ಕಾಮಣ್ಣನನ್ನು ಸುಟ್ಟ ಮರುವಾರ ಅಂಟಿಸಿದ್ದರಲ್ಲಿ ನಾಲ್ಕು ಸಾಲುಗಳಿದ್ದವು: ನಕ್ಷತ್ರಪಟ, ತರ್ಕದ ಅಭ್ಯಾಸ ಪುಸ್ತಕ, ಹಳಗನ್ನಡ ಪದಕೋಶ, ರೇಖಾಗಣಿತ ಪಾಠ ಎರಡನೇ ಭಾಗ. ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದ.

"ಇದೇನ ಕಿರಾಣಿ ಚೀಟಿಯೇನೋ ಮೌನ್ಯಾ?" ಎಂದಳು ಅವನ ತಾಯಿ ತಿಪ್ಪವ್ವ. ಅವಳಿಗೆ ಓದು ಬರದು, ಆದರೆ ಗೋಡೆಯ ಮೇಲೆ ಹೊಸ ಕಾಗದ ಬಂದರೆ ಗೊತ್ತಾಗುತ್ತಿತ್ತು. "ಬರಿಯೂದು ಬರದಿ, ಖಾರ ತೀರೇತಿ ಅಂತ ಬರದಿ ಏನು?"

"ಯವ್ವಾ, ಅದು ನಮ್ಮ ಶೃತಿ ಪುಸ್ತಕದ್ದು."

"ಮತ್ತ ಅಡಗಿ ಮನ್ಯಾಗ ಯಾಕ ಹಚ್ಚಿ? ಪುಸ್ತಕ ಕುದಿಸಬೇಕೇನ?"

ಪ್ರಿಯಾಂಕಾ ನಗಲಿಲ್ಲ. ಜಿಲ್ಲೆಯ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವಳಿಗೆ ಗುತ್ತಿಗೆಯ ಕೆಲಸ. ವಾರಕ್ಕೆ ನಾಲ್ಕು ದಿನ ಬಾಟಲಿಗಳ ಚೀಲ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ತಿರುಗಬೇಕು. ಕೊಳವೆ ಬಾವಿ, ಓವರ್‌ಹೆಡ್ ಟ್ಯಾಂಕು, ಶಾಲೆಯ ನಳ, ಎಲ್ಲದರ ನೀರು ತುಂಬಿ, ಚೀಟಿ ಅಂಟಿಸಿ ತರಬೇಕು. ಊರೂರು ತಿರುಗುವವಳು ಎಂಬ ಕಾರಣಕ್ಕೇ ಪಟ್ಟಿ ಅವಳ ಪಾಲಿಗೆ ಬಂದದ್ದು. ಕಾಗದವನ್ನು ಫೋನಿನಲ್ಲಿ ಫೋಟೋ ಹಿಡಿದುಕೊಂಡು ಅವಳು ರೊಟ್ಟಿ ಕಟ್ಟಿಕೊಂಡಳು.

ಮೌನೇಶ ಗದಗಿನ ಒಂದು ಖಾಸಗಿ ಕಾಲೇಜಿನಲ್ಲಿ ಮುಂಜಾನೆ ಇತಿಹಾಸ ಹೇಳಿ ಹನ್ನೊಂದಕ್ಕೆ ಮನೆಗೆ ಬರುವವನು. ಮಗಳು ಶೃತಿ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಇಂಗ್ಲಿಷ್ ಪದ್ಯ ಹೇಳಿ ಬಹುಮಾನದ ಕಪ್ಪು ತಂದಿದ್ದಳು. ಬಸ್ಸಿನಲ್ಲಿ ಬರುವಾಗ ಅಪ್ಪ ಅರ್ಥ ಕೇಳಿದ. ಹುಡುಗಿಗೆ ಒಂದು ಸಾಲಿನ ಅರ್ಥವೂ ಗೊತ್ತಿರಲಿಲ್ಲ. ಮರುದಿನ ಹೋಗಿ ಶಾಲೆಯವರನ್ನು ಕೇಳಿದರೆ, "ಅರ್ಥ ಪರೀಕ್ಷಾದಾಗ ಬರಂಗಿಲ್ಲ ಸರ್" ಎಂದರು. ಆ ವರ್ಷ ಮುಗಿಯುತ್ತಲೇ ದಾಖಲೆ ಕಿತ್ತುಕೊಂಡು ಬಂದವನು, ಫೋನಿನಲ್ಲಿ ಒಂದು ಗುಂಪು ಸೇರಿದ. ಪುಣೆ, ಮೈಸೂರು, ಎಲ್ಲೆಲ್ಲಿಯವರೋ ಅದರಲ್ಲಿದ್ದರು; ಮಕ್ಕಳಿಗೆ ಹಿಂದಿನವರ ಕ್ರಮದಲ್ಲಿ ಮನೆಯಲ್ಲೇ ಕಲಿಸುವವರು. ಮೊದಲು ಕಂಠಪಾಠ, ಆಮೇಲೆ ಪ್ರಶ್ನೆ, ಕಡೆಗೆ ಮಾತು. ಆ ಮೂರು ಹಂತಗಳನ್ನು ಮೌನೇಶ ದೊಡ್ಡ ಅಕ್ಷರದಲ್ಲಿ ಬರೆದು ಪಡಸಾಲೆಯ ಕಂಬಕ್ಕೆ ಹಚ್ಚಿದ್ದ. ಹನ್ನೆರಡು ತುಂಬುವ ತನಕ ಕಂಠಪಾಠ. ಹನ್ನೆರಡರಿಂದ ಹದಿನೈದು ಪ್ರಶ್ನೆ. ಅಲ್ಲಿಂದ ಮುಂದೆ ಮಾತು.

ಶೃತಿಗೆ ಬರುವ ಶ್ರಾವಣಕ್ಕೆ ಹನ್ನೆರಡು ತುಂಬುತ್ತಿತ್ತು.

ಮೊದಮೊದಲು ಹುಡುಗಿ ಪಾಠದ ನಡುವೆ ಬಾಯಿ ಹಾಕುತ್ತಿದ್ದಳು. ಗುಬ್ಬಿಗೆ ಜ್ವರ ಬಂದರ ಯಾರು ನೋಡ್ತಾರ, ಬ್ಯಾಳಿ ಕುದಿಯುವಾಗಷ್ಟ ಬುರುಗ ಯಾಕ, ಸತ್ತ ಭಾಷಾ ಅಂತಾರಲ್ಲ ಅದನ್ನ ಎಲ್ಲಿ ಹುಗದಾರ. ಮೌನೇಶ ಸಿಟ್ಟು ಮಾಡುತ್ತಿರಲಿಲ್ಲ. ಅವಳ ತಲೆ ಸವರಿ, "ಇಟ್ಟುಕೋ ತಂಗಿ. ಹನ್ನೆರಡಕ್ಕ ಕೇಳು" ಎನ್ನುತ್ತಿದ್ದ. ಒಂದು ವರ್ಷವಾಗುವಷ್ಟರಲ್ಲಿ ಅವಳು ಕೇಳುವುದನ್ನು ಬಿಟ್ಟಳು. ಮೌನೇಶನಿಗೆ ಅದು ಶಿಸ್ತು ಎನಿಸಿತು. ಪ್ರಿಯಾಂಕಾಳಿಗೆ, ಹತ್ತಾರು ವರ್ಷದಿಂದ ಬರುತ್ತಿದ್ದ ನಳ ಒಂದು ಮುಂಜಾನೆ ಸದ್ದಿಲ್ಲದೆ ನಿಂತ ಹಾಗೆ ಎನಿಸಿತು.

*

ಮುಂಡರಗಿಯ ಒಂದು ಶಾಲೆಯ ಸಾಮಾನಿನ ಕೋಣೆಯಲ್ಲಿ ನಕ್ಷತ್ರಪಟ ಸಿಕ್ಕಿತು. ಮಡಿಕೆ ಬಿದ್ದಲ್ಲಿ ಹರಿದಿತ್ತು. ಹೆಡ್ ಮಾಸ್ತರು ನೀರಿನ ವರದಿಯ ಮೇಲೆ ಸಹಿ ಹಾಕುತ್ತ, "ಒಯ್ರಿ ಅಕ್ಕಾರ, ಇಲ್ಲಿ ಜೇಡರ ಹುಳಕ್ಕ ಪಾಠ ಹೇಳಾಕತ್ತೈತಿ" ಎಂದು ಕೊಟ್ಟರು. ಶಿರಹಟ್ಟಿಯ ಹಳೆಯ ವಾಚನಾಲಯದಲ್ಲಿ ಪದಕೋಶ ಇತ್ತು, ಆದರೆ ಹೊರಗೆ ಕೊಡುವಂತಿರಲಿಲ್ಲ. ಅವಳು ಊಟದ ಹೊತ್ತಿನಲ್ಲಿ ಕೂತು ಮೂರು ವಾರ ಪುಟಪುಟದ ಫೋಟೋ ಹಿಡಿದಳು. ತರ್ಕದ ಅಭ್ಯಾಸ ಪುಸ್ತಕ ಎಲ್ಲೂ ಸಿಗಲಿಲ್ಲ. ರೇಖಾಗಣಿತದ ಹೆಸರು ಹೇಳಿದರೆ ಅಂಗಡಿಯವರು ಹತ್ತನೇ ಇಯತ್ತೆಯ ಗೈಡು ಮುಂದಿಡುತ್ತಿದ್ದರು.

ಯುಗಾದಿ ಮುಗಿದ ಮೇಲೆ ಒಂದು ದಿನ ಲಕ್ಷ್ಮೇಶ್ವರದ ಒಂದು ಓಣಿಯಲ್ಲಿ ಬಾನುಬಿ ಎಂಬವಳ ನಳದ ನೀರು ತುಂಬುತ್ತಿದ್ದಳು. ಬಾನುಬಿ ಚಹಾ ತಂದಿಟ್ಟಳು. ಚಹಾದ ಕಪ್ಪಿನ ಕೆಳಗೆ ಅವಳು ಹಾಕಿದ ಕಾಗದದ ಮೇಲೆ ತ್ರಿಕೋನ ಇತ್ತು.

"ಇದು ಎಲ್ಲೀದ್ರಿ?" ಪ್ರಿಯಾಂಕಾ ಕಪ್ಪು ಎತ್ತಿ ಹಿಡಿದೇ ಕೇಳಿದಳು.

"ಅಯ್ಯ, ನಮ್ಮಣ್ಣ ಬುಡ್ಡೇಸಾಬ ಕೊಟ್ಟಿದ್ದು. ಗದಗಿನ್ಯಾಗ ಅಚ್ಚಿನ ಮನ್ಯಾಗ ಅಕ್ಷರದ ಮೊಳಿ ಜೋಡಿಸ್ತಿದ್ದ. ಅಚ್ಚಿನ ಮನಿ ಮುಚ್ಚಿದಾಗ ಸಾಹುಕಾರ ಪಗಾರದ ಜೋಡಿ ಈ ರದ್ದಿ ಕೊಟ್ಟ. ಕಪಾಟಿನ್ಯಾಗ ಹಾಸಾಕ ಚಲೋ ಅದಾವ, ದಪ್ಪ ಕಾಗದ."

"ಇನ್ನೂ ಅದಾವೇನ್ರಿ?"

"ಅಂವ ಅದರ ಮ್ಯಾಲೇ ಮಲಗತಾನವ್ವಾ" ಎಂದು ಬಾನುಬಿ ನಕ್ಕಳು.

ಸುಳ್ಳಾಗಿರಲಿಲ್ಲ. ಗದಗಿನ ಹಳೆಯ ಪೇಟೆಯ ಹಿಂದಿನ ಸಂದಿಯಲ್ಲಿ ಬುಡ್ಡೇಸಾಬನ ಒಂಟಿ ಕೋಣೆ. ಹಾಸಿಗೆಯ ಕೆಳಗೆ ಮೊಣಕಾಲೆತ್ತರ ಅಚ್ಚಾದ ಹಾಳೆಗಳು. ಎಂಬತ್ತರ ಹತ್ತಿರದ ಮುದುಕ. ಬಲಗೈ ಹೆಬ್ಬೆರಳು, ತೋರುಬೆರಳಿನ ತುದಿ ಸೀಸದಿಂದ ಕಪ್ಪಾಗಿ ಹಾಗೇ ಉಳಿದಿದ್ದವು.

"ರೇಖಾಗಣಿತ ಎರಡನೇ ಭಾಗ? ಅದರದ್ದೊಂದು ಕಥಿ ಐತಿ ತಂಗಿ" ಎಂದು ಅವನು ಹಾಸಿಗೆ ಸುತ್ತಿದ. "ಆ ಪುಸ್ತಕದಾಗ ಸಾಲಿಗೊಂದು 'ಸಮ' ಬರತೈತಿ. ಇದು ಅದಕ್ಕ ಸಮ, ಅದು ಇದಕ್ಕ ಸಮ. ನಡುವ 'ಸ' ಮೊಳಿ ತೀರಿ ಹೋದ್ವು ನೋಡು! ಇಡೀ ಅಚ್ಚಿನ ಮನ್ಯಾಗ ಒಂದು 'ಸ' ಇಲ್ಲ. ಹುಬ್ಬಳ್ಳಿಗೆ ಮನಿಷ್ಯಾನ್ನ ಕಳಿಸಿ ಹೊಸಾವು ತರಿಸಬೇಕಾತು. ಎರಡು ದಿನ ಖಾಲಿ ಕುಂತೆ."

ಒಂದೊಂದು ಹಾಳೆಯೂ ಪಂಚೆಯಷ್ಟು ಅಗಲ. ಹಿಂದೆ ಎಂಟು ಪುಟ, ಮುಂದೆ ಎಂಟು ಪುಟ, ಕೆಲವು ನೆಟ್ಟಗೆ, ಕೆಲವು ತಲೆಕೆಳಗು. ಪುಟದ ಅಂಕಿಗಳಿದ್ದ ಅಂಚುಗಳನ್ನು ಗೆದ್ದಲು ತಿಂದು ಹಾಕಿತ್ತು. ಆರು ಹಾಳೆ ಆರಿಸಿ, ಸುತ್ತಿ, ದಾರ ಕಟ್ಟಿ ಕೊಡುವಾಗ ಮುದುಕ ಅವಳ ಕೈ ಬಿಡದೆ ಹೇಳಿದ: "ಮನಿಯವರಿಗೆ ಹೇಳು. ಮೊದಲ ಮಡಚಬೇಕು, ಆಮ್ಯಾಲೆ ಕತ್ತರಿಸಬೇಕು. ಕತ್ತರಿಸಿ ಜೋಡಸಾಕ ಹೋಗಬಾರದು. ಮಡಚಿದರ ಹಾಳಿನೇ ದಾರಿ ತೋರಸ್ತೈತಿ."

ಪ್ರಿಯಾಂಕಾ ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆ ಅದನ್ನೇ ಹೇಳಿದಳು. ಮೌನೇಶ ಆಗಲೇ ಸುರುಳಿ ಬಿಚ್ಚಿ ನೆಲಕ್ಕೆ ಹರವಿದ್ದ. ಅವನ ಮುಖ ನೋಡಿ ಅವಳಿಗೂ ಒಂದು ಗಳಿಗೆ ಸುಖವಾಯಿತು. ಮದುವೆಯಾದ ಹೊಸದರಲ್ಲಿ ಅವನ ಮುಖ ಹೀಗಿರುತ್ತಿತ್ತು.

"ಮೊದಲ ಮಡಚಬೇಕಂತ್ರೀ."

"ಗೊತ್ತೈತಿ ಬಿಡ. ಕತ್ರಿ ಎಲ್ಲೈತಿ?"

"ಅವರು ಒತ್ತಿ ಒತ್ತಿ ಹೇಳಿದ್ರು."

"ಪ್ರಿಯಾ, ನಾ ಓದಿಕೋತ ಹಚ್ಚತೇನಿ. ಓದಾಕ ಬಂದವಗ ಯಾವ ಪುಟದ ಮುಂದ ಯಾವುದು ಅಂತ ತಿಳಿಯಂಗಿಲ್ಲೇನು? ಮೊಳಿ ಜೋಡಸಾವ್ರಿಗೆ ಒಳಗಿಂದು ತಿಳೀತಿರಲಿಲ್ಲ, ಅದಕ್ಕ ಮಡಿಕಿ ಲೆಕ್ಕ."

ಮೂರು ದಿನ ಕತ್ತರಿಸಿದ, ಓದಿದ, ಜೋಡಿಸಿದ. ಅವನ ತಂದೆ ಉಡಚಪ್ಪ ಕೈಮಗ್ಗ ಮಾಡುವ ಬಡಿಗ. ಮಗ್ಗಗಳು ಕಡಿಮೆಯಾದ ಮೇಲೆ ಹಿತ್ತಲ ತಗಡಿನ ಶೆಡ್ಡಿನಲ್ಲಿ ಕುರ್ಚಿ, ಕಿಟಕಿ ಮಾಡುತ್ತಿದ್ದ. ಅವನು ಎರಡು ಹಲಗೆಯ ನಡುವೆ ಪುಟಗಳನ್ನಿಟ್ಟು ಬಿಗಿದು, ಉಳಿಯಿಂದ ತೂತು ಹೊಡೆದು ಹೊಲಿದು ಕೊಟ್ಟ. ಪುಸ್ತಕ ಗಟ್ಟಿಯಾಯಿತು. ತಿಪ್ಪವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು.

*

ಆಮೇಲಿನ ಐದು ವಾರ ಮನೆಯಲ್ಲಿ ರೇಖಾಗಣಿತದ್ದೇ ಸದ್ದು. ಮುಂಜಾನೆ ಶೃತಿ ಪಡಸಾಲೆಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತು ಹೇಳುವಳು, ತಿಪ್ಪವ್ವ ಒಳಗೆ ರೊಟ್ಟಿ ಬಡಿಯುವಳು. ಎರಡೂ ಒಂದೇ ಲಯಕ್ಕೆ ಬಿದ್ದಿದ್ದವು. ಮಧ್ಯಾಹ್ನ ಮೌನೇಶ ಒಪ್ಪಿಸಿಕೊಳ್ಳುವನು. ಸಂಜೆ ಹುಡುಗಿ ಅಜ್ಜನ ಶೆಡ್ಡಿನಲ್ಲಿ, ಕತ್ತರಿಸಿ ಉಳಿದ ಕಟ್ಟಿಗೆಯ ರೀಪಿನ ತುಂಡುಗಳನ್ನು ನೆಲದ ಮೇಲೆ ಹೀಗಿಟ್ಟು ಹಾಗಿಟ್ಟು ಕೂರುವಳು.

"ಏನ ಮಾಡಾಕತ್ತೀಯವ್ವಾ?" ಎಂದು ಉಡಚಪ್ಪ ಒಮ್ಮೆ ಕೇಳಿದ.

"ಏನಿಲ್ಲಜ್ಜಾ."

"ಏನಿಲ್ಲದ್ದನ್ನ ಇಷ್ಟೊತ್ತು ಮಾಡಂಗಿಲ್ಲ ಯಾರೂ."

ಅವಳು ತುಂಡುಗಳನ್ನು ಕಾಲಿನಿಂದ ಸರಿಸಿ ಎದ್ದು ಹೋದಳು.

ಇತ್ತ ತಿಪ್ಪವ್ವನದು ಬೇರೆಯೇ ತಕರಾರು. "ಈ ಕಸಬರಿಗಿ ಯಾರ ತಿನ್ನಾಕತ್ತೀರಿ? ಅಮಾಸಿಗೆ ತಂದಿದ್ದು, ಹಿಡಿ ತುಂಬ ಇತ್ತು. ಈಗ ನೋಡ, ನನ್ನ ಜಡಿ ಆದಂಗ ಆಗೇತಿ."

"ಸವೀತೈತಿ ಅತ್ತಿ."

"ಸವದರ ತುದಿ ಸವೀತೈತಿ, ನಡುವಿನ ಕಡ್ಡಿ ಎಲ್ಲಿ ಹೋಗತಾವ? ಇಲಿಗೆ ಹಲ್ಲಿನ ಬ್ಯಾನಿ ಬಂದೇತೇನ, ಕಡ್ಡಿ ಬೇಕಾಗಾಕ?"

ಪ್ರಿಯಾಂಕಾ ಒಂದು ದಿನ ಪುಸ್ತಕ ಎತ್ತಿಡುವಾಗ ರೇಖಾಗಣಿತದ ನಡುವೆ ಎರಡು ಕಸಬರಿಗೆ ಕಡ್ಡಿ ಕಂಡಳು. ಗುರುತಿಗೆ ಇಟ್ಟಿರಬೇಕು ಎಂದುಕೊಂಡು ಹಾಗೇ ಬಿಟ್ಟಳು. ಸಂಜೆ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದಳು: "ಆ ಲೆಕ್ಕ ತಿಳೀತಾವೇನ ನಿನಗ?"

"ಬಾಯಿಪಾಠ ಆಗ್ಯಾವ."

"ನಾ ಅದನ್ನ ಕೇಳಲಿಲ್ಲ."

"ಅಪ್ಪ ಅದನ್ನಷ್ಟ ಕೇಳ್ತಾನ." ಹುಡುಗಿ ತಲೆ ಅಲ್ಲಾಡಿಸದೆ ಕೂತಿದ್ದಳು.

ಮರುದಿನ ಪ್ರಿಯಾಂಕಾ ಮನೆಯ ಹಿಂದಿನ ಸರಕಾರಿ ಶಾಲೆಯ ನಳದ ನೀರು ತುಂಬಲು ಹೋದಳು. ಅದು ಅವಳ ಪಾಳಿಯಲ್ಲಿರಲಿಲ್ಲ. ಮಗಳನ್ನು ಸೇರಿಸುವ ಮಾತೆತ್ತಿದಾಗ ಅಲ್ಲಿನ ಹೆಡ್ ಬಾಯಾರು, "ವಯಸ್ಸಿನ ಪ್ರಕಾರ ಏಳನೇತ್ತಕ್ಕ ತಗೋತೀವ್ರಿ, ಜೂನ್ ಮೊದಲನೇ ವಾರದಾಗ ಫಾರ್ಮು ಕೊಡ್ರಿ, ತಂದಿ ಸಹಿ ಬೇಕು" ಎಂದರು. ಫಾರ್ಮನ್ನು ಅವಳು ನೀರಿನ ಚೀಲದಲ್ಲಿಟ್ಟುಕೊಂಡಳು. ಒಂದು ಬಾಟಲಿ ಜಿನುಗಿ ಅದರ ಮೂಲೆ ಒದ್ದೆಯಾಯಿತು.

ಆ ಒದ್ದೆ ಕಾಗದವನ್ನು ಒಣಗಲೆಂದು ಒಲೆಯ ಕಟ್ಟೆಯ ಮೇಲಿಟ್ಟದ್ದು ಊಟಕ್ಕೆ ಕೂತ ಮೌನೇಶನ ಕಣ್ಣಿಗೆ ಬಿತ್ತು. ಪುಂಡಿಪಲ್ಲೆ, ರೊಟ್ಟಿ, ಗುರೆಳ್ಳು ಹಿಂಡಿ ಬಡಿಸಿತ್ತು. ಅವನು ತುತ್ತು ಕೆಳಗಿಟ್ಟ.

"ಇದೇನಿದು?"

"ಓದಾಕ ಬರತೈತಲ್ಲ ನಿಮಗ."

"ನನ್ನ ಕೇಳದ?"

"ಎರಡು ವರ್ಷ ನಿಮ್ಮ ಪಟ್ಟಿ ಹಿಡಕೊಂಡು ತಿರುಗಿನಿ. ಯಾವ ಊರಾಗ ನೀರು ಕುಡಿಯಾಕ ಬರತೈತಿ ಅಂತ ಎಷ್ಟು ಗೊತ್ತೋ, ಯಾವ ಊರಾಗ ಯಾವ ಹಳೇ ಪುಸ್ತಕ ಐತಿ ಅಂತನೂ ಅಷ್ಟು ಗೊತ್ತೈತಿ ನನಗ. ಒಂದು ಸಲ ಆದ್ರೂ ಬ್ಯಾಡ ಅಂದೇನೇನು?"

"ಮತ್ತೀಗ ಯಾಕ?"

"ಅಕಿ ಏನೂ ಕೇಳವಲ್ಲಳು."

"ಕೇಳೂ ಹಂತ ಬರಬೇಕು, ಪ್ರಿಯಾ. ಹೊಲ ಹರಗದ ಬಿತ್ತತಾರೇನು?"

"ನೀ ಯಾವ ಹೊಲ ಹರಗಿದಿ?" ಎಂದ ಉಡಚಪ್ಪ, ಮಜ್ಜಿಗೆಯ ಬಟ್ಟಲು ಎತ್ತುತ್ತ. "ಬಡಿಗ್ಯಾನ ಮಗ. ಕಟಿಗಿ ಮಾತಾಡು."

"ಯಪ್ಪಾ, ನೀ ನಡುವ ಬರಬ್ಯಾಡ."

"ನನ್ನ ಮನ್ಯಾಗ ನಡುವ ನಾ ಬರದ ಯಾರ ಬರಬೇಕಲೇ?"

"ಉಣ್ಣು ಹೊತ್ತಿನ್ಯಾಗ ಬಾಯಿ ಉಣ್ಣಾಕಷ್ಟ ತಗೀರಿ" ಎಂದು ತಿಪ್ಪವ್ವ ಗದರಿ, ಮೊಮ್ಮಗಳ ತಾಟಿಗೆ ಇನ್ನರ್ಧ ರೊಟ್ಟಿ ಹಾಕಿದಳು. ಶೃತಿ ಅದನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಮುರಿದು ಸಾಲಾಗಿ ಇಡುತ್ತಿದ್ದಳು.

ಕಡೆಗೆ ಮೌನೇಶನೇ ಒಂದು ಮಾತಿಗೆ ಬಂದ. ಬರುವ ಐತವಾರ ಆ ಮೊಳೆ ಜೋಡಿಸುವ ಮುದುಕನನ್ನು ಊಟಕ್ಕೆ ಕರೆಯುವುದು. ಅವನ ಎದುರಿಗೆ ಶೃತಿ ಎರಡನೆಯ ಭಾಗ ಪೂರ್ತಿ ಒಪ್ಪಿಸಬೇಕು. ಒಂದು ಶಬ್ದ ತಪ್ಪಿದರೂ ಫಾರ್ಮಿಗೆ ಸಹಿ. ತಪ್ಪದಿದ್ದರೆ ಇನ್ನು ಶಾಲೆಯ ಮಾತು ಎತ್ತಬಾರದು.

"ಈ ವರ್ಷಕ್ಕೇನು?" ಎಂದಳು ಪ್ರಿಯಾಂಕಾ.

"ಯಾವಾಗೂ."

ಅವಳು ಮಗಳ ಕಡೆ ನೋಡಿದಳು. ಹುಡುಗಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವಳು ತಪ್ಪುವವಳಲ್ಲ ಎಂಬುದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪ್ರಿಯಾಂಕಾಳಿಗೆ ಗೊತ್ತಿತ್ತು. ಆದರೂ ಸಹಿಗೆ ಬೇರೆ ದಾರಿ ಕಾಣದೆ "ಆತು" ಎಂದಳು. ಎಂದ ಮೇಲೆ ಕೈ ತೊಳೆಯಲು ಎದ್ದಳು, ಉಂಡಿರಲಿಲ್ಲ.

*

ಐತವಾರ ತಿಪ್ಪವ್ವ ಗೋಧಿಹುಗ್ಗಿ ಮಾಡಿದ್ದಳು. ಬುಡ್ಡೇಸಾಬ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣ ಹಿಡಿದು ಬಂದ. ಉಡಚಪ್ಪ ಅವನನ್ನು ತನ್ನದೇ ಕೈಯ ಕುರ್ಚಿಯ ಮೇಲೆ ಕೂರಿಸಿದ.

"ಚಲೋ ಜೋಡಣಿ ಐತ್ರಿ, ಒಂದೂ ಮೊಳಿ ಕಾಣವಲ್ದು" ಎಂದ ಬುಡ್ಡೇಸಾಬ, ಕುರ್ಚಿಯ ಕೈ ಸವರುತ್ತ.

"ನಿಮ್ಮ ಮೊಳಿ ಬ್ಯಾರೆ, ನಮ್ಮ ಮೊಳಿ ಬ್ಯಾರೆ" ಎಂದು ಉಡಚಪ್ಪ ನಕ್ಕ.

ಶೃತಿ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಶುರು ಮಾಡಿದಳು. ಮೌನೇಶ ಪುಸ್ತಕ ಹಿಡಿದು ಸಾಲಿನ ಮೇಲೆ ಬೆರಳು ಸರಿಸುತ್ತ ಹೋದ. ಬುಡ್ಡೇಸಾಬ ಕಣ್ಣು ಮುಚ್ಚಿಕೊಂಡ. ಅವನ ಬಲಗೈಯ ಎರಡು ಕಪ್ಪು ಬೆರಳುಗಳು ತೊಡೆಯ ಮೇಲೆ ಏನನ್ನೋ ಹೆಕ್ಕಿ ಹೆಕ್ಕಿ ಇಡುತ್ತಿದ್ದವು. ಹುಡುಗಿಯ ಬಾಯಿಂದ ಶಬ್ದ ಬೀಳುವುದಕ್ಕೂ ಆ ಬೆರಳು ಏಳುವುದಕ್ಕೂ ತಾಳ ಸರಿಯಾಗಿತ್ತು. ಒಂದು, ಎರಡು, ಮೂರು, ನಾಲ್ಕು ಪ್ರಮೇಯ ಮುಗಿದವು. ಪ್ರಿಯಾಂಕಾ ಅಡುಗೆ ಮನೆಯ ಬಾಗಿಲಲ್ಲಿ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದಳು.

ಐದನೆಯದು ಬಂತು. ತ್ರಿಕೋನದ ಎರಡು ಬಾಹುಗಳು ಸಮವಾಗಿದ್ದರೆ ಅವುಗಳ ಎದುರಿನ ಎರಡು ಕೋನಗಳೂ ಸಮ. ಹುಡುಗಿ ಒಂದು ಉಸಿರು ತೆಗೆದುಕೊಂಡು ಮುಂದುವರಿಸಿದಳು. ಬುಡ್ಡೇಸಾಬನ ಬೆರಳು ಗಾಳಿಯಲ್ಲೇ ನಿಂತಿತು.

"ನಿಲ್ಲವ್ವಾ."

"ಒಂದಕ್ಷರ ತಪ್ಪಿಲ್ಲ" ಎಂದ ಮೌನೇಶ. "ಇಲ್ಲಿ ಹಿಂಗ ಐತಿ."

"ಅಕಿ ತಪ್ಪಿಲ್ಲರಿ. ಆದರ ಅದು ಅಲ್ಲಿ ಬರೂದಿಲ್ಲ." ಮುದುಕ ಕಣ್ಣು ತೆರೆದ. "ಐದನೇದರಾಗ ತ್ರಿಕೋನದ ಎರಡು ಕಾಲು ಕೆಳಗ ಉದ್ದ ಮಾಡ್ತಾರ. ಕಾಲು ಕಡಿಯೂದು ಆರನೇದರಾಗ. ಇಕಿ ಐದನೇದರಾಗೇ ಕಡದ್ಲು."

"ನೀವು ಗಣಿತ ಓದೀರೇನು?"

"ಇಲ್ಲರೀ ಮಾಸ್ತರ. ನಾ ಮೂರನೇತ್ತದ ತನಕ ಕಲತಂವ. ಓದಿದಂವ ಅಲ್ಲ, ಜೋಡಿಸಿದಂವ. ತರ್ರಿ ಇಲ್ಲಿ."

ಪುಸ್ತಕವನ್ನು ಬಾಗಿಲ ಬೆಳಕಿಗೆ ಹಿಡಿದು, ಮುಖಕ್ಕೆ ಹತ್ತಿರ ತಂದು ಅವನು ಪುಟ ತಿರುವಿದ. "ನೋಡ್ರಿ. ಈ ಪುಟದ 'ಸ' ನೋಡ್ರಿ, ಸವದು ಮೂಗು ಹೋಗೇತಿ. ಮುಂದಿನ ಪುಟದ 'ಸ' ನೋಡ್ರಿ, ಉಳಿಯಿಂದ ಕೆತ್ತಿದಂಗ ಐತಿ. ಇದು ಹುಬ್ಬಳ್ಳಿಯಿಂದ ತರಿಸಿದ ಹೊಸಾದು. ಐದನೇದು ಮುಗಿದ ಮ್ಯಾಲೆ ಬಂದದ್ದು ಅದು. ಐದನೇದರ ಹೊಟ್ಟಿಯೊಳಗ ಹೆಂಗ ಬರತೈತಿ?" ಮೆಲ್ಲಗೆ ಹೇಳಿದ: "ಕತ್ತರಿಸಿ ಜೋಡಿಸೀರಿ."

ಮೌನೇಶ ಪುಸ್ತಕ ಇಸಿದುಕೊಂಡು ಓದಿದ. ಐದು ವಾರದಲ್ಲಿ ಮೊದಲ ಸಲ, ಒಪ್ಪಿಸಿಕೊಳ್ಳಲು ಅಲ್ಲ, ಓದಲು ಓದಿದ. ಅವನ ಕಿವಿ ಕೆಂಪಾಗುವುದನ್ನು ಪ್ರಿಯಾಂಕಾ ಬಾಗಿಲಿನಿಂದ ನೋಡಿದಳು. ಅವಳು ಗೆದ್ದಂತೆಯೇ ಆಗಿತ್ತು; ಆದರೆ ಅಲ್ಲಿ ನಿಂತು ನೋಡಲು ಆಗಲಿಲ್ಲ, ಹುಗ್ಗಿಗೆ ತುಪ್ಪ ತರುವ ನೆವದಿಂದ ಒಳಗೆ ತಿರುಗಿದಳು. ಅಷ್ಟರಲ್ಲಿ ಅವನ ದನಿ ಕೇಳಿತು.

"ಶೃತಿ. ಇಷ್ಟು ದಿನ ಹೇಳಿದ್ಯಲ್ಲ, ನಿನಗ ಗೊತ್ತಾಗಲಿಲ್ಲೇನು?"

"ಗೊತ್ತಿತ್ತಪ್ಪಾ."

"ಏನ ಗೊತ್ತಿತ್ತು?"

"ಎರಡು ರೀಪು ಸಮ ಅದಾವ ಅಂತ ಮೊದಲ ಹೇಳಿಬಿಟ್ಟೈತಿ. ಆಮ್ಯಾಲೆ ನಡುವ, ಅವು ಸಮ ಅದಾವೇನ ಅಂತ ಹುಡುಕಾಕ ಹೋಗತೈತಿ. ಇದ್ದದ್ದನ್ನ ಯಾಕ ಹುಡುಕಬೇಕು? ಅಜ್ಜನ ಶೆಡ್ಡಿನ್ಯಾಗ ಇಟ್ಟು ನೋಡಿದೆ. ಆ ಪುಟ ಮುಂದಿನದರಾಗ ಹಾಕಿದರ ಸರಿ ಕುಂಡ್ರತೈತಿ."

"ಮತ್ತ ಯಾಕ ಕೇಳಲಿಲ್ಲ ನನ್ನ?"

ಹುಡುಗಿ ಕಂಬದ ಮೇಲಿನ ಕಾಗದದ ಕಡೆ ನೋಡಿದಳು. ಅಪ್ಪನಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ಅವಳ ಹುಬ್ಬು ಗಂಟಾಯಿತು.

"ಹನ್ನೆರಡು ತುಂಬಿಲ್ಲಲ್ಲಪ್ಪಾ. ಇಟ್ಟುಕೊಂಡೇನಿ."

"ಎಲ್ಲಿ ಇಟ್ಟುಕೊಂಡಿ?"

ಅವಳು ಪುಸ್ತಕದ ಕಡೆ ಬೆರಳು ಮಾಡಿದಳು. ಐದನೆಯ ಪ್ರಮೇಯದ ಹತ್ತಿರ ಒಂದು ಕಡ್ಡಿ, ಆರನೆಯದರ ಹತ್ತಿರ ಒಂದು. ತಿಪ್ಪವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಿದ್ದಳು. "ಅಯ್ಯ ನನ ಕೂಸ" ಎಂದಳು. ಮುಂದೆ ಬೈಗುಳ ಬರಲಿಲ್ಲ.

ಪ್ರಿಯಾಂಕಾ ಗೋಡೆಯ ಕಪಾಟಿನ ಹತ್ತಿರ ಹೋದಳು. ಎರಡು ವರ್ಷದಲ್ಲಿ ತಾನೇ ಹೊತ್ತು ತಂದ ಪುಸ್ತಕಗಳು. ವ್ಯಾಕರಣ ತೆಗೆದಳು: ಏಳೆಂಟು ಕಡ್ಡಿ. ಸಂಸ್ಕೃತದ ಶಬ್ದರೂಪದ ತೆಳ್ಳನೆಯ ಪುಸ್ತಕ: ನಾಲ್ಕು. ಇತಿಹಾಸ: ಪುಸ್ತಕ ಮುಚ್ಚಲಾರದಷ್ಟು. ನಕ್ಷತ್ರಪಟದ ಮಡಿಕೆಯೊಳಗೂ ಒಂದು, ಶಿರಹಟ್ಟಿಯಿಂದ ತಂದು ಮುದ್ರಿಸಿದ ಪದಕೋಶದ ಹಾಳೆಗಳಲ್ಲೂ. ಎಲ್ಲವೂ ಉಗುರಿನಿಂದ ಒಂದೇ ಅಳತೆಗೆ ಮುರಿದವು.

ಬುಡ್ಡೇಸಾಬ ಕುರ್ಚಿಯಿಂದ ಎದ್ದು ನಿಂತ. ತಾನೇ ತಪ್ಪು ಮಾಡಿದವನಂತೆ, "ನಾ ಹೋಗಿ ಬರ್ತೇನ್ರಿ" ಎಂದ.

"ಉಣ್ಣದ ಹೋಗಬಾರದ್ರಿ" ಎಂದು ಉಡಚಪ್ಪ ಅವನ ರಟ್ಟೆ ಹಿಡಿದು ಕೂರಿಸಿದ. ಎಲ್ಲರೂ ಉಂಡರು. ಹುಗ್ಗಿ ಚೆನ್ನಾಗಿತ್ತು.

*

ಮುದುಕನನ್ನು ಬಸ್ಸು ಹತ್ತಿಸಿ ಬಂದ ಮೌನೇಶ, ಅಂಗಿ ಬಿಚ್ಚದೆ ಕಪಾಟಿನ ಎದುರು ನೆಲಕ್ಕೆ ಕೂತ. ಪುಸ್ತಕಗಳನ್ನು ಸುತ್ತ ಹರವಿಕೊಂಡ. ಶೃತಿಯನ್ನು ಎದುರಿಗೆ ಕೂರಿಸಿಕೊಂಡು ವ್ಯಾಕರಣದ ಮೊದಲ ಕಡ್ಡಿ ಇದ್ದ ಪುಟ ತೆರೆದ.

"ಕೇಳು."

"ಈಗೇನು?"

"ಈಗ."

ಹುಡುಗಿ ಪುಟ ನೋಡಿದಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ತುಟಿ ಅಲ್ಲಾಡಿತು, ಪಾಠ ಹೇಳುವಾಗಿನಂತೆ. ಇಡೀ ಪುಟ ಅವಳ ನಾಲಿಗೆಯ ಮೇಲಿತ್ತು.

"ಮರತೇನಪ್ಪಾ" ಎಂದಳು.

ಅವನು ಎರಡನೆಯದು ತೆರೆದ. ಅದೂ ನೆನಪಿರಲಿಲ್ಲ. ಮೂರನೆಯದು ನೆನಪಿತ್ತು, ಅವಳು ಕೇಳಿದಳು. ಮೌನೇಶ ಪುಟವನ್ನು ಎರಡು ಸಲ ಓದಿ, "ನನಗ ಗೊತ್ತಿಲ್ಲ ತಂಗಿ" ಎಂದ. ಹುಡುಗಿ ತಲೆಯಾಡಿಸಿದಳು. ಆ ಕಡ್ಡಿಯನ್ನು ಅಲ್ಲೇ ಬಿಟ್ಟಳು. ಮೊದಲಿನ ಎರಡನ್ನು ಕಿತ್ತು ಬದಿಗಿಟ್ಟಳು. ನೆನಪಿದ್ದವು ಇರಲಿ, ಮರೆತವು ಹೊರಗೆ ಎಂದು ತಾನೇ ಒಂದು ನಿಯಮ ಮಾಡಿಕೊಂಡಂತಿತ್ತು. ಬಿಸಿಲು ಪಡಸಾಲೆಯಿಂದ ಇಳಿದು ಹಿತ್ತಲಿಗೆ ಹೋಗುವ ತನಕ ತಂದೆ ಪುಟ ತೆರೆಯುವುದು, ಮಗಳು ನೋಡುವುದು ನಡೆಯಿತು. ಹಳೆಯ ಪುಸ್ತಕಗಳಿಗೆ ಹೋದ ಹಾಗೆ ಹೊರಗೆ ಬೀಳುವ ಕಡ್ಡಿಗಳೇ ಹೆಚ್ಚಾದವು.

ಪ್ರಿಯಾಂಕಾ ಮಡಿಕೆ ಬಿಚ್ಚಿ ಫಾರ್ಮನ್ನು ಅವನ ಮೊಣಕಾಲಿನ ಹತ್ತಿರ ಇಟ್ಟಳು. ಅವನು ನೆಲದ ಮೇಲೆ, ರೇಖಾಗಣಿತದ ಪುಸ್ತಕವನ್ನೇ ಅಡಿಗಿಟ್ಟುಕೊಂಡು ಸಹಿ ಮಾಡಿದ. ಒದ್ದೆಯಾಗಿ ಒಣಗಿದ ಮೂಲೆಯಲ್ಲಿ ಶಾಯಿ ಸ್ವಲ್ಪ ಹರಡಿತು.

"ಅಲ್ಲೂ ಅರ್ಥ ಹೇಳಂಗಿಲ್ಲ, ಪ್ರಿಯಾ" ಎಂದ, ತಲೆ ಎತ್ತದೆ.

"ಹೇಳದಿದ್ರ ಮನಿಗೆ ಬಂದು ಕೇಳ್ತಾಳ."

"ಕೇಳ್ತಾಳೇನು?"

ಪ್ರಿಯಾಂಕಾ ಫಾರ್ಮನ್ನು ಊದಿ ಒಣಗಿಸಿದಳು.

ತಿಪ್ಪವ್ವ ಬಂದು ನೆಲದ ಮೇಲಿನ ಕಡ್ಡಿಗಳನ್ನು ಒಂದೊಂದಾಗಿ ಆರಿಸಿಕೊಂಡಳು. ಎಡಗೈ ಮುಷ್ಟಿ ತುಂಬಿತು. ಪಡಸಾಲೆಯ ಹೊಸ್ತಿಲ ಮೇಲೆ ಕೂತು, ಅವುಗಳ ಬುಡ ಕೂಡಿಸಿ, ಸೀರೆಯ ಅಂಚಿನ ದಾರ ಹರಿದು ಬಿಗಿದು ಕಟ್ಟಿದಳು. ದೊಡ್ಡ ಕಸಬರಿಗೆಗೆ ಸೇರಿಸಲು ಬಾರದಷ್ಟು ಗಿಡ್ಡ. ಬೀಸುಕಲ್ಲಿನ ಸುತ್ತ ಹಿಟ್ಟು ಗುಡಿಸುವುದಕ್ಕಾದೀತು ಎಂದು ತಿರುಗಿಸಿ ನೋಡಿದಳು.

ಶೃತಿ ಹತ್ತಿರ ಹೋಗಿ ಕೂತಳು. ಸ್ವಲ್ಪ ಹೊತ್ತು ಅಜ್ಜಿಯ ಕೈಯನ್ನೇ ನೋಡಿದಳು. ಬಾಯಿ ತೆರೆದಳು, ಒಮ್ಮೆ ಕಂಬದ ಕಡೆ ನೋಡಿದಳು, ಮುಚ್ಚಿದಳು.

"ಏನ ಕೂಸ?" ಎಂದಳು ತಿಪ್ಪವ್ವ.

"ಏನಿಲ್ಲಜ್ಜಿ."

ಮೌನೇಶ ಎದ್ದು ಹೋಗಿ ಕಂಬದ ಮೇಲಿನ ಕಾಗದ ಕಿತ್ತ. ಅಂಟು ಗಟ್ಟಿಯಾಗಿತ್ತು, ಎರಡನೆಯದಾದ ಪ್ರಶ್ನೆಯ ಸಾಲಿನ ತನಕ ಬಂದು ಹರಿಯಿತು; ಉಳಿದದ್ದು ಕಂಬಕ್ಕೇ ಅಂಟಿಕೊಂಡಿತು.